ಉತ್ತರ ಕನ್ನಡದ ಚರಿತ್ರೆ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಮಕ್ಕಳೆದುರು, ಒಮ್ಮೊಮ್ಮೆ ಪತ್ರದಲ್ಲಿ, ಜಾಸ್ತಿ ಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಬರೆದಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ.

## ಶುರುವಿನ ಪ್ರಶ್ನೆಗಳು

ಉತ್ತರ ಕನ್ನಡ ಅಂದ್ರೆ ಹುಬ್ಬಳ್ಳಿ, ಧಾರವಾಡದ ಕಡೆ ಅಲ್ವಾ?

ಅಲ್ಲ, ಅದು ಉತ್ತರ ಕರ್ನಾಟಕ. ಬೆಂಗಳೂರಿನಲ್ಲಿರುವ ನಮ್ಮ ಜಿಲ್ಲೆಯವರು "ಹಾಗಾದ್ರೆ ಜೋಳದ ರೊಟ್ಟಿ ಚೆನ್ನಾಗಿ ಬಡೀತೀರಾ" ಅಂತ ಎಷ್ಟು ಸಲ ಕೇಳಿಸಿಕೊಂಡಿದ್ದಾರೋ ಲೆಕ್ಕವಿಲ್ಲ. ನಾವು ಅನ್ನ, ಮೀನಿನ ಜನ. ಕಾರವಾರದಿಂದ ಭಟ್ಕಳದವರೆಗೆ ಸುಮಾರು 140 ಕಿಲೋಮೀಟರ್ ಸಮುದ್ರ ತೀರ, ಅದರ ಬೆನ್ನಿಗೆ ಸಹ್ಯಾದ್ರಿ. ರಾಜ್ಯದ ಕರಾವಳಿಯಲ್ಲಿ ಉತ್ತರದ ತುದಿ ನಮ್ಮದು. ಕಾಳಿ ದಾಟಿ ಸ್ವಲ್ಪ ಹೋದರೆ ಗೋವಾ.

ಹೆಸರಿನ ಕಥೆ ಹೀಗೆ. ಕನ್ನಡ ನಾಡಿನ ಕರಾವಳಿಯನ್ನು ಪೋರ್ಚುಗೀಸರು 'ಕನಾರಾ' ಅಂದರು. ಇಂಗ್ಲಿಷರ ಕೈಯಲ್ಲಿ ಅದು 'ಕೆನರಾ' ಆಯಿತು. ಆಮೇಲೆ ಆಡಳಿತಕ್ಕೆಂದು ಉತ್ತರ, ದಕ್ಷಿಣ ಅಂತ ಸೀಳಿದರು. ಉತ್ತರದ ಹೋಳು ನಾವು.

ಕರಾವಳಿ ಜಿಲ್ಲೆ ಅಂತೀರಿ, ಶಿರಸಿಯಲ್ಲಿ ಸಮುದ್ರ ಎಲ್ಲಿದೆ?

ಇಲ್ಲ. ಜಿಲ್ಲೆಯ 12 ತಾಲೂಕುಗಳಲ್ಲಿ ಸಮುದ್ರ ಮುಟ್ಟುವುದು ಐದೇ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಉಳಿದವೆಲ್ಲ ಘಟ್ಟದ ಮೇಲೆ. ಊಟ, ಮಳೆ, ಮಾತಿನ ಧಾಟಿ ಎಲ್ಲ ಬೇರೆ. ಆದರೂ ಇವೆರಡನ್ನೂ ಬಿಡಿಸಿ ಚರಿತ್ರೆ ಬರೆಯೋಕೆ ಆಗುವುದಿಲ್ಲ.

ಯಾಕೆಂದರೆ ಇಲ್ಲಿನ ಬಂದರುಗಳು ತಾವಾಗಿಯೇ ಶ್ರೀಮಂತ ಆದವಲ್ಲ. ಮೆಣಸು, ಹತ್ತಿ, ಅಕ್ಕಿ, ಸಾಗವಾನಿ, ಅದಿರು ಏನೇ ಆಗಲಿ, ಘಟ್ಟ ಇಳಿದು ಬರಬೇಕಿತ್ತು. ಯಾವ ಕಾಲಕ್ಕೆ ಯಾವ ಘಟ್ಟದ ದಾರಿ ಓಡುತ್ತಿತ್ತೋ, ಅದರ ಬುಡದ ಊರು ಮೆರೆಯಿತು. ದಾರಿ ಬದಲಾದ ದಿನ ಆ ಊರಿನ ಪೇಟೆ ಖಾಲಿ. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡರೆ ಮುಂದಿನ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ನೀವೇ ಹೇಳಬಹುದು.

## ಹಳೆಯ ಕಾಲ

ನಮ್ಮ ಕಡೆ ಆದಿಮಾನವ ಇರಲೇ ಇಲ್ವಾ? ಬಳ್ಳಾರಿ ಕಡೆ ಸಿಗೋ ಹಾಗೆ ಯಾಕೆ ಏನೂ ಸಿಗೋದಿಲ್ಲ?

ಮನುಷ್ಯ ಇದ್ದೇ ಇದ್ದ. ಕಷ್ಟ ಇರುವುದು ಉಳಿಯುವುದರಲ್ಲಿ. ಬಯಲು ಸೀಮೆಯ ಒಣ ಮಣ್ಣಿನಲ್ಲಿ ಎಲುಬು ಸಾವಿರಾರು ವರ್ಷ ಹಾಗೇ ಇರುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ಮೇಲೆ ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಎಲುಬು, ಮರ, ಬಿದಿರು ಎಲ್ಲ ಕರಗಿಹೋಗುತ್ತದೆ. ಉಳಿದದ್ದರ ಮೇಲೆ ಕಾಡು ಬೆಳೆದಿದೆ. ಇನ್ನೊಂದು ವಿಷಯ: ಹಿಮಯುಗದಲ್ಲಿ ಸಮುದ್ರ ಈಗಿನದಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗಿತ್ತು. ಆಗಿನ ದಂಡೆ ಈಗ ನೀರಿನಡಿ ಇದೆ.

ಸಮೀಪದ ಒಳ್ಳೆಯ ಸಾಕ್ಷಿ ಬೇಕಿದ್ದರೆ ಗಡಿ ದಾಟಬೇಕು. ಗೋವಾದ ಉಸಗಾಳಿಮಳದಲ್ಲಿ ಕುಶಾವತಿ ನದಿಯ ದಂಡೆಯ ಜಂಬಿಟ್ಟಿಗೆ ಹಾಸಿನ ಮೇಲೆ ಗೂಳಿ, ಜಿಂಕೆ, ಸುತ್ತು ಸುತ್ತಾದ ಚಕ್ರಬಿಂಬದ ಕೆತ್ತನೆಗಳಿವೆ. ಗೂಳಿಯ ಬೆನ್ನಿನ ಗೆರೆ ಬೆರಳಿಗೆ ಸಿಗುವಷ್ಟು ಆಳ. ಅದೇ ಕಲ್ಲು, ಅದೇ ಕಾಡು, ಅದೇ ಮಳೆ.

ಬನವಾಸಿ ಅಷ್ಟು ಹಳೆಯದಾ, ಇಲ್ಲ ಸುಮ್ನೆ ಹೆಮ್ಮೆಗೆ ಹೇಳ್ತಾರಾ?

ಹೆಮ್ಮೆಯೂ ಇದೆ, ಹಳೆಯದೂ ಹೌದು. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಭಿಕ್ಷು 'ವನವಾಸ'ಕ್ಕೆ ಹೋದನೆಂದು ಸಿಂಹಳದ ಬೌದ್ಧ ಪುರಾಣ ಕಥನ ಹೇಳುತ್ತದೆ. ಎರಡನೇ ಶತಮಾನದ ಟಾಲೆಮಿಯ ಭೂಗೋಳದಲ್ಲೂ ಬನವಾಸಿಯ ಹೆಸರು ಬರುತ್ತದೆ. ಅಗೆದಾಗ ಶಾತವಾಹನರ ಕಾಲದ ಪದರಗಳು ಸಿಕ್ಕಿವೆ.

ಮಧುಕೇಶ್ವರ ದೇವಸ್ಥಾನಕ್ಕೆ ಹೋದವರು ಐದು ಹೆಡೆಯ ನಾಗಶಿಲೆ ನೋಡದೆ ಬರಬೇಡಿ. ಅದು ಕದಂಬರಿಗಿಂತ ಹಿಂದಿನದು, ಚುಟು ವಂಶದವರ ಕಾಲದ್ದು. ಬರಹ ಬ್ರಾಹ್ಮಿ ಲಿಪಿಯಲ್ಲಿ, ಭಾಷೆ ಪ್ರಾಕೃತ. ಹಾವಿನ ಮೈ ಸುರುಳಿಯನ್ನು ಕೆತ್ತಿದವನ ಕೈಗೆ ಕಲ್ಲು ಬೆಣ್ಣೆಯಂತೆ ಆಡಿದೆ.

ಕದಂಬರ ಮಯೂರಶರ್ಮ ಬರುವುದು ನಾಲ್ಕನೇ ಶತಮಾನದ ನಡುವೆ. ಓದಲು ಕಂಚಿಗೆ ಹೋದವನು ಪಲ್ಲವರ ಕುದುರೆ ಸವಾರನ ಜತೆ ಜಗಳವಾಗಿ, ಅವಮಾನ ತಾಳದೆ ದರ್ಭೆ ಬಿಟ್ಟು ಕತ್ತಿ ಹಿಡಿದ ಕಥೆ ತಾಳಗುಂದದ ಶಾಸನದಲ್ಲಿದೆ. ಮುಂದೆ ಎರಡನೇ ಪುಲಿಕೇಶಿ ಬನವಾಸಿಯನ್ನು ಮುತ್ತಿದಾಗ ವರದಾ ನದಿ ಊರನ್ನು ಸುತ್ತುವರಿದು ಜಲದುರ್ಗದಂತೆ ಕಾಣುತ್ತಿತ್ತೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಮಳೆಗಾಲದ ಕೊನೆಗೆ ಹೋಗಿ ನೋಡಿ, ಕವಿ ಸುಳ್ಳು ಹೇಳಿಲ್ಲ ಅನಿಸುತ್ತದೆ.

## ಬಂದರುಗಳ ಕಾಲ

ಹೊನ್ನಾವರದಲ್ಲಿ ಆಗಲೇ ಹೆಣ್ಣುಮಕ್ಕಳ ಶಾಲೆ ಇತ್ತಂತೆ, ನಿಜವಾ?

ಇಬ್ನ್ ಬತೂತಾ ಹಾಗೆ ಬರೆದಿದ್ದಾನೆ. ಮೊರೊಕ್ಕೊದ ಈ ಪ್ರವಾಸಿ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ. ಅವನ ಬಾಯಲ್ಲಿ ಅದು 'ಹಿನೌರ್'. ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ, ಇಂಥದ್ದು ಬೇರೆಲ್ಲೂ ಕಂಡಿಲ್ಲ ಅನ್ನುತ್ತಾನೆ. ಇವು ಕುರಾನ್ ಕಲಿಸುವ ಶಾಲೆಗಳು. ಈಗಿನ ಶಾಲೆಯನ್ನು ಕಣ್ಣ ಮುಂದೆ ತಂದುಕೊಂಡರೆ ತಪ್ಪಾಗುತ್ತದೆ. ಆದರೂ ಸಂಖ್ಯೆ ದೊಡ್ಡದೇ.

ನನಗೆ ಅದಕ್ಕಿಂತ ಇಷ್ಟವಾಗುವುದು ಅವನ ಊಟದ ವರ್ಣನೆ. ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ತಾಮ್ರದ ತಟ್ಟೆ ಇಡುತ್ತಾರೆ. ರೇಷ್ಮೆ ಉಟ್ಟ ಹೆಂಗಸು ದೊಡ್ಡ ಸೌಟಿನಲ್ಲಿ ಅನ್ನ ಬಡಿಸಿ ಮೇಲೆ ತುಪ್ಪ ಹಾಕುತ್ತಾಳೆ. ಪಕ್ಕದಲ್ಲಿ ಗೊಂಚಲು ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ಪಲ್ಯ, ಪ್ರತಿಸಲವೂ ಮತ್ತೆ ಅನ್ನ. ಎಲ್ಲ ಮುಗಿದ ಮೇಲೆ ಮೊಸರು. ಪಾಪ, ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣಲಿಲ್ಲ ಅಂತ ಗೋಳಾಡಿಕೊಂಡಿದ್ದಾನೆ. ಸುಮಾರು 680 ವರ್ಷ ಕಳೆದಿದೆ. ನಮ್ಮ ಪಂಕ್ತಿಯಲ್ಲಿ ಮೊಸರು, ಮಜ್ಜಿಗೆ ಈಗಲೂ ಕೊನೆಗೇ ಬರುತ್ತದೆ.

ವಿಜಯನಗರಕ್ಕೆ ಕುದುರೆ ಭಟ್ಕಳದಿಂದ ಹೋಗ್ತಿತ್ತಂತೆ. ಭಟ್ಕಳವೇ ಯಾಕೆ?

ಭಟ್ಕಳ ಒಂದೇ ಅಲ್ಲ, ಹೊನ್ನಾವರಕ್ಕೂ ಬರುತ್ತಿದ್ದವು. ನಮ್ಮ ಹವೆಯಲ್ಲಿ ಒಳ್ಳೆಯ ಕುದುರೆ ತಳಿ ಏಳುವುದಿಲ್ಲ. ಯುದ್ಧಕ್ಕೆ ಕುದುರೆ ಬೇಕೇ ಬೇಕು. ಹಾಗಾಗಿ ಅರಬ್ ನಾಡು, ಹೊರ್ಮುಜ್‌ಗಳಿಂದ ಹಡಗಿನಲ್ಲಿ ತರಿಸುತ್ತಿದ್ದರು. ಇಲ್ಲಿಂದ ಅಕ್ಕಿ, ಮೆಣಸು, ಸಕ್ಕರೆ, ಕಬ್ಬಿಣ ಹೋಗುತ್ತಿತ್ತು. ಭಟ್ಕಳದಿಂದ ಘಟ್ಟ ಹತ್ತಿದರೆ ವಿಜಯನಗರದ ದಾರಿ ಸಲೀಸು. ಭಟ್ಕಳಕ್ಕೆ ವರ್ಷವೂ ಐದಾರು ಸಾವಿರ ಹೇರಿನ ಎತ್ತುಗಳು ಬರುತ್ತಿದ್ದವೆಂದು ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಬರೆದಿದ್ದಾನೆ.

1565ರಲ್ಲಿ ತಾಳಿಕೋಟೆ ಯುದ್ಧ ಮುಗಿದು ವಿಜಯನಗರ ಹಾಳಾಯಿತು. ಕೊಳ್ಳುವವನೇ ಇಲ್ಲದ ಮೇಲೆ ಕುದುರೆ ತರುವವರು ಯಾರು?

ಪೋರ್ಚುಗೀಸರು ಗೋವಾ ಹಿಡಿದ್ರು. ನಮ್ಮನ್ನ ಯಾಕೆ ಬಿಟ್ಟುಬಿಟ್ರು?

ಬಿಡಲಿಲ್ಲ, ಸುಟ್ಟರು. ವಾಸ್ಕೋ ಡ ಗಾಮ 1498ರಲ್ಲೇ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿದ್ದ. 1502ರಲ್ಲಿ ಮತ್ತೆ ಬಂದು ಭಟ್ಕಳದವರನ್ನು ಹೆದರಿಸಿ ವರ್ಷಕ್ಕೆ ಇಷ್ಟು ಅಕ್ಕಿ ಅಂತ ಕಪ್ಪ ಬರೆಸಿಕೊಂಡ. ಅದರಲ್ಲೂ ತರತಮ: ಸಾವಿರ ಹೊರೆ ಸಾದಾ ಅಕ್ಕಿ ಹಡಗಿನ ಆಳುಗಳಿಗೆ, ಐನೂರು ಹೊರೆ ಒಳ್ಳೆ ಅಕ್ಕಿ ಕಪ್ತಾನರಿಗೆ. 1505ರಲ್ಲಿ ಅಲ್ಮೇಡ ಹೊನ್ನಾವರದ ಹಡಗುಗಳಿಗೆ ಬೆಂಕಿ ಇಟ್ಟ. 1542ರಲ್ಲಿ ಭಟ್ಕಳವೇ ಹೊತ್ತಿ ಉರಿಯಿತು. 1569ರಲ್ಲಿ ಹೊನ್ನಾವರ ಹಿಡಿದು ಕೋಟೆ ಕಟ್ಟಿಕೊಂಡರು.

ತಮಾಷೆ ಅಂದರೆ, ಗೋವಾ ಹಿಡಿಯುವ ದಾರಿ ತೋರಿಸಿದ್ದು ನಮ್ಮ ಕಡೆಯವನೇ. ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬರಹಗಳಲ್ಲಿ 'ತಿಮೋಜ'. 1510ರಲ್ಲಿ ಅಲ್ಬುಕರ್ಕ್ ಗೋವಾಕ್ಕೆ ನುಗ್ಗಿದ್ದು ಅವನ ಮಾತು ಕೇಳಿ, ಅವನ ಹಡಗುಗಳ ಜತೆ. ಕಡಲ್ಗಳ್ಳ ಅನ್ನುವವರಿದ್ದಾರೆ, ನಾವಿಕ ದಳದ ನಾಯಕ ಅನ್ನುವವರಿದ್ದಾರೆ. ಆ ಕಾಲದಲ್ಲಿ ಎರಡಕ್ಕೂ ನಡುವೆ ಬೇಲಿ ಅಷ್ಟೇನೂ ಗಟ್ಟಿ ಇರಲಿಲ್ಲ.

'ಕಾಳುಮೆಣಸಿನ ರಾಣಿ' ಅಂತ ನಿಜವಾಗಿ ಯಾರಾದ್ರೂ ಇದ್ಲಾ?

ಇದ್ದಳು. ಗೇರುಸೊಪ್ಪೆಯ ಚೆನ್ನಭೈರಾದೇವಿ. ಜೈನ ಸಾಳುವ ಮನೆತನದವಳು. ಸುಮಾರು 1552ರಿಂದ 1606ರವರೆಗೆ ಆಳಿದಳು ಅನ್ನುತ್ತಾರೆ. ಆ ಹೆಸರು ಕೊಟ್ಟದ್ದು ಪೋರ್ಚುಗೀಸರು. ಘಟ್ಟದ ಮೆಣಸು ಶರಾವತಿ ಕಣಿವೆಗೆ ಇಳಿಯುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ಹೊನ್ನಾವರದ ಅಳಿವೆಗೆ. ದಾರಿಯ ನಡುವೆ ಕೂತವಳು ಇವಳು. ಮೆಣಸು ಬೇಕಿದ್ದವರು ಇವಳ ಮಾತು ಕೇಳಲೇಬೇಕಿತ್ತು. ಕೊನೆಗೆ ಅವಳನ್ನು ಸೋಲಿಸಿದ್ದು ಕಡಲಿನಿಂದ ಬಂದವರಲ್ಲ, ಘಟ್ಟದ ಮೇಲಿನ ಕೆಳದಿಯವರು. ಅಲ್ಲಿಗೆ ದಾರಿಯ ಯಜಮಾನಿಕೆಯೂ ಕೈ ಬದಲಾಯಿತು.

ಗೇರುಸೊಪ್ಪೆಯ ನಗರಬಸ್ತಿಕೇರಿಗೆ ಹೋದರೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ನಡುವೆ ನಾಲ್ಕು ಮುಖದ ವಿಗ್ರಹ. ಸುತ್ತ ಈಗ ಕಾಡು. ನಾನು ಒಮ್ಮೆ ಜುಲೈ ತಿಂಗಳಲ್ಲಿ ಹೋಗಿ, ಕಲ್ಲಿನ ಮೇಲೆ ಕೂತು ಟಿಪ್ಪಣಿ ಬರೆಯುತ್ತಿದ್ದೆ. ಏಳುವಾಗ ನೋಡಿದರೆ ಕಾಲಿಗೆ ಏಳು ಉಂಬಳ! ಮೆಣಸಿನ ರಾಣಿಯ ರಾಜಧಾನಿಗೆ ಈಗ ಅವೇ ಕಾವಲು. ಡಿಸೆಂಬರ್ ನಂತರ ಹೋಗಿ.

ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಭಾಷೆ, ಇಷ್ಟೊಂದು ಜನ ಹೇಗೆ ಸೇರಿದ್ರು?

ಕೆಲವರು ಓಡಿಬಂದರು, ಕೆಲವರು ವ್ಯಾಪಾರಕ್ಕೆ ಬಂದರು, ಕೆಲವರನ್ನು ಹಿಡಿದು ತಂದರು. 1560ರಲ್ಲಿ ಗೋವಾದಲ್ಲಿ ಪೋರ್ಚುಗೀಸರು ಶುರು ಮಾಡಿದ ಮತವಿಚಾರಣೆಯ (ಇನ್‌ಕ್ವಿಸಿಷನ್) ಕಾಟಕ್ಕೆ ಕೊಂಕಣಿ ಜನ ದಕ್ಷಿಣಕ್ಕೆ ಬಂದರು. ದೇವರನ್ನು ಹೊತ್ತು ತಂದ ಸಾರಸ್ವತರ ಕಥೆ ಎಲ್ಲರಿಗೂ ಗೊತ್ತು. ಕ್ರೈಸ್ತ ಕೊಂಕಣಿಗರೂ ಆಮೇಲೆ ಬಂದಿದ್ದಾರೆ. ಭಟ್ಕಳದ ನವಾಯತರು ಅರಬ್ ವ್ಯಾಪಾರದ ಬೇರಿನವರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನ ಸಿದ್ದಿಗಳ ಹಿರಿಯರು ಆಫ್ರಿಕಾದವರು. ಗುಲಾಮರಾಗಿ ಬಂದವರು ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಕಾಡು ಸೇರಿದರು. ಇಂದು ಅವರ ಕನ್ನಡ, ಕೊಂಕಣಿ ಕೇಳಿದರೆ ಯಾರೂ ಹೊರಗಿನವರು ಅನ್ನಲಾರರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು ಅವರು 2003ರವರೆಗೆ ಕಾಯಬೇಕಾಯಿತು. ತೀರಾ ಈಚಿನವರು ಮುಂಡಗೋಡದ ಟಿಬೆಟನ್ನರು, 1966ರಲ್ಲಿ ಬಂದವರು.

ಕಾರವಾರದಲ್ಲಿ 1638ರಲ್ಲೇ ಇಂಗ್ಲಿಷರ ಫ್ಯಾಕ್ಟರಿ ಇತ್ತಂತಲ್ಲ, ಏನು ತಯಾರಿಸ್ತಿದ್ರು?

ಏನೂ ಇಲ್ಲ. ಆಗಿನ ಮಾತಿನಲ್ಲಿ 'ಫ್ಯಾಕ್ಟರಿ' ಅಂದರೆ ಕೋಠಿ: ಗೋದಾಮು, ಲೆಕ್ಕದ ಮನೆ, ಗುಮಾಸ್ತರ ವಸತಿ. ಕೋರ್ಟೀನ್ ಎಂಬ ವರ್ತಕನ ಕೂಟ ಇದನ್ನು ತೆರೆಯಿತು. ಮೆಣಸು, ಏಲಕ್ಕಿ ಜತೆಗೆ ಹುಬ್ಬಳ್ಳಿ ಕಡೆಯ ನೇಕಾರರ ತೆಳು ಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿತ್ತು. 1665ರಲ್ಲಿ ಶಿವಾಜಿ ಈ ಕಡೆ ಬಂದಾಗ ಕಾರವಾರದ ವರ್ತಕರು ಹಣ ಒಟ್ಟು ಮಾಡಿ ಕೊಟ್ಟು ಕಳಿಸಿದರು. ಇಂಗ್ಲಿಷರೂ ತಮ್ಮ ಪಾಲು ಹಾಕಿದರು.

## ಹತ್ತಿ, ರೈಲು, ಉಪ್ಪು

ಮದ್ರಾಸಿನ ಕೆಳಗಿದ್ದ ನಮ್ಮನ್ನ ಬೊಂಬಾಯಿಗೆ ಯಾಕೆ ಸೇರಿಸಿದ್ರು?

ಹತ್ತಿಗಾಗಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿಯ ಕೈಗೆ ಬಂತು, ಮದ್ರಾಸಿನ ಕೆಳಗೆ ಹೋಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೊ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಅಲ್ಲಿನ ಹತ್ತಿ ಬರದೆ ಮ್ಯಾಂಚೆಸ್ಟರಿನ ಗಿರಣಿಗಳು ಬಾಯಿ ಬಿಟ್ಟವು. ಧಾರವಾಡದಲ್ಲಿ ಒಳ್ಳೆ ಹತ್ತಿ ಇತ್ತು, ಆದರೆ ಧಾರವಾಡ ಬೊಂಬಾಯಿಯದು, ಅದರ ಸಮುದ್ರ ದಾರಿ ಮದ್ರಾಸಿನದು. ಘಟ್ಟದ ರಸ್ತೆಗೆ ಮದ್ರಾಸು ಯಾಕೆ ದುಡ್ಡು ಸುರಿದೀತು? 1862ರಲ್ಲಿ ಉತ್ತರ ಕೆನರಾವನ್ನೇ ಬೊಂಬಾಯಿಗೆ ದಾಟಿಸಿದರು. ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಜಿಲ್ಲೆಯ ಕಚೇರಿ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಮತ್ತೆ ಕನ್ನಡ ರಾಜ್ಯಕ್ಕೆ ಸೇರಲು 1956ರ ನವೆಂಬರ್ 1ರವರೆಗೆ ಕಾದೆವು.

ನಮ್ಮ ಅಜ್ಜಂದಿರ ಕಾಲದವರು ಕೆಲಸ ಹುಡುಕಿ ಮೈಸೂರಿಗೆ ಹೋಗದೆ ಬೊಂಬಾಯಿಗೇ ಯಾಕೆ ಹೋಗುತ್ತಿದ್ದರು ಅನ್ನುವುದಕ್ಕೂ ಅರ್ಧ ಉತ್ತರ ಇಲ್ಲಿದೆ.

ಕುಮಟಾದಲ್ಲಿ ಒಂದು ಹತ್ತಿ ಗಿಡ ಇಲ್ಲ. 'ಕುಮಟಾ ಹತ್ತಿ' ಅಂತ ಹೆಸರು ಎಲ್ಲಿಂದ ಬಂತು?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಧಾರವಾಡ ಸೀಮೆಯ ನಾಡ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಮಚವೆ ಎಂಬ ಹಾಯಿದೋಣಿಯಲ್ಲಿ ಬೊಂಬಾಯಿಗೆ. ಬೊಂಬಾಯಿಯ ದಲಾಲಿಗೆ ಅದು ಯಾರ ಹೊಲದ್ದು ಅನ್ನುವುದು ಬೇಕಿರಲಿಲ್ಲ, ಯಾವ ಬಂದರಿನಿಂದ ಬಂತು ಅನ್ನುವುದೇ ಗುರುತು. ಬೆಳೆದವನದು ಹೊಲ, ಹೆಸರು ನಮ್ಮದು! ಹತ್ತಿ ತಳಿಗಳ ಹಳೆಯ ಪುಸ್ತಕಗಳಲ್ಲಿ ಈಗಲೂ ಅದು 'ಕುಮ್ಟಾ' ತಳಿ. ಕುಮಟಾದ ಮಣ್ಣು ನೋಡಿದವರು ಅದನ್ನು ಓದಿದರೆ ನಗುತ್ತಾರೆ.

ಹತ್ತಿ ಗಾಡಿಗಳು ಇಳಿಯುವುದು ಮಳೆ ನಿಂತ ಮೇಲೆ, ಮತ್ತೆ ಮಳೆ ಹಿಡಿಯುವುದರೊಳಗೆ. ವಾಪಸು ಹೋಗುವಾಗ ಗಾಡಿ ಖಾಲಿ ಹೋಗುತ್ತಿರಲಿಲ್ಲ. ಉಪ್ಪು, ತೆಂಗಿನಕಾಯಿ, ಒಣಮೀನು ಘಟ್ಟ ಹತ್ತುತ್ತಿದ್ದವು.

ಇಷ್ಟೆಲ್ಲ ಇದ್ದ ಮೇಲೆ ಕಾರವಾರ ಯಾಕೆ ಬೊಂಬಾಯಿ ಆಗಲಿಲ್ಲ?

ರೈಲು ಬರಲಿಲ್ಲ. ಕಾರವಾರದ ಕೊಲ್ಲಿ ಆಳ ಇದೆ, ಗುಡ್ಡಗಳ ಮರೆಯೂ ಇದೆ. 1860ರ ದಶಕದಲ್ಲಿ ದೊಡ್ಡ ಕನಸು ಕಂಡರು, ರಸ್ತೆ ಕಡಿದರು, ಪೇಟೆಯ ನಕ್ಷೆ ಹಾಕಿದರು. ಅಷ್ಟರಲ್ಲಿ 1865ಕ್ಕೆ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಘಟ್ಟಕ್ಕೆ ಹಳಿ ಹಾಕುವ ಮಾತು ಮುಂದೆ ಮುಂದೆ ಹೋಯಿತು. 1880ರ ದಶಕದಲ್ಲಿ ಹಳಿ ಬಂದದ್ದು ಗೋವಾದ ಮುರಗಾಂವಿನಿಂದ, ದೂಧಸಾಗರದ ಪಕ್ಕದಲ್ಲಿ ಹತ್ತಿ ಕ್ಯಾಸಲ್‌ರಾಕ್‌ಗೆ. ಕ್ಯಾಸಲ್‌ರಾಕ್ ನಮ್ಮದೇ ಜಿಲ್ಲೆ, ನೋಡಿ. ರೈಲು ನಮ್ಮ ನೆಲದ ಮೇಲೆ ಹಾದು ಬೇರೆಯವರ ಬಂದರಿಗೆ ಹೋಯಿತು. ಹುಬ್ಬಳ್ಳಿಗೆ ರೈಲು ಬಂದ ಮೇಲೆ ಕುಮಟಾದ ಹತ್ತಿ ಪೇಟೆಯೂ ಮುಗಿಯಿತು.

ಅದೇ ದಶಕದಲ್ಲಿ, ಜಿಲ್ಲಾ ನ್ಯಾಯಾಧೀಶನಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆಂದು ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದಿದ್ದರು. ಬಂದರು ಗಲಗಲ ಅನ್ನುತ್ತಿದ್ದರೆ ಅವರಿಗೆ ಆ ನಿಶ್ಶಬ್ದ ದಂಡೆ ಸಿಗುತ್ತಿರಲಿಲ್ಲವೇನೋ.

ಉಪ್ಪು ನೀರಿನಲ್ಲಿ ಭತ್ತ ಬೆಳೀತಾರಂತೆ, ಹೌದಾ?

ಹೌದು. ಅಘನಾಶಿನಿಯ ಅಳಿವೆಯಲ್ಲಿ 'ಗಜನಿ' ಭೂಮಿ ಇದೆ. ಉಬ್ಬರ ಬಂದರೆ ಉಪ್ಪು ನೀರು ನುಗ್ಗುವ ಜಾಗ. ಅಡ್ಡಕ್ಕೆ ಮಣ್ಣಿನ ಕಟ್ಟೆ ಹಾಕಿ, ಗಂಡಿಗೆ ಹಲಗೆ ಇಟ್ಟು ನೀರನ್ನು ಆಳುತ್ತಾರೆ. ಮಳೆ ಬಂದು ಉಪ್ಪು ತೊಳೆದ ಮೇಲೆ 'ಕಗ್ಗ' ಬಿತ್ತುತ್ತಾರೆ. ಕಗ್ಗ ಗಟ್ಟಿ ಜೀವ. ಎತ್ತರಕ್ಕೆ ಬೆಳೆಯುತ್ತದೆ, ನೆರೆ ಬಂದು ನಾಲ್ಕು ದಿನ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಅಕ್ಕಿ ಕೆಂಪು, ಗಂಜಿಗೆ ಅದರಂಥದ್ದು ಇನ್ನೊಂದಿಲ್ಲ. ಕೊಯ್ಲಾದ ಮೇಲೆ ಕೂಳೆಯ ನಡುವೆ ಉಪ್ಪು ನೀರು ಬಿಟ್ಟರೆ ಸಿಗಡಿ, ಮೀನು. ಒಂದೇ ಗದ್ದೆ, ಎರಡು ಬೆಳೆ.

ಪಕ್ಕದಲ್ಲೇ ಸಾಣಿಕಟ್ಟಾದ ಉಪ್ಪಿನ ಆಗರ. ಏಪ್ರಿಲ್ ಮಧ್ಯಾಹ್ನ ಹೋಗಿ. ತುಳಿದು ಗಟ್ಟಿ ಮಾಡಿದ ಮಣ್ಣಿನ ಪಾತಿಗಳಲ್ಲಿ ನೀರು ಒಂದರಿಂದ ಒಂದಕ್ಕೆ ಹರಿಯುತ್ತ ದಪ್ಪ ಆಗುತ್ತದೆ. ಅಂಚಿನಲ್ಲಿ ಮೊದಲು ಹಾಲಿನ ಕೆನೆಯಂಥ ಪೊರೆ, ಆಮೇಲೆ ಹರಳು. ಉದ್ದ ಕೋಲಿನ ಹಲಗೆಯಲ್ಲಿ ಅದನ್ನು ಎಳೆದು ಗುಡ್ಡೆ ಹಾಕುತ್ತಾರೆ. ಕಾಲಿಗೆ ಉರಿ, ಕಣ್ಣಿಗೆ ಉರಿ. ಆ ಉಪ್ಪು ಅಂಗಡಿಯ ಪುಡಿಯಷ್ಟು ಬೆಳ್ಳಗಿರುವುದಿಲ್ಲ. ಉಪ್ಪಿನಕಾಯಿಗೆ ನಮ್ಮ ಹೆಂಗಸರು ಇದನ್ನೇ ಕೇಳಿ ತರಿಸುತ್ತಾರೆ.

ಉಪ್ಪಿನ ಸತ್ಯಾಗ್ರಹ ಅಂಕೋಲಾದಲ್ಲೇ ಯಾಕೆ?

ಉಪ್ಪು ಇಲ್ಲಿನ ಜನ ತಾವೇ ಮಾಡುತ್ತಿದ್ದ ವಸ್ತು. ಕಾನೂನು ಬಂದದ್ದು ನೇರ ಕೈಗೇ ಬಿದ್ದ ಏಟು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲಾದಲ್ಲಿ ಉಪ್ಪು ಮಾಡಿ ಕಾನೂನು ಮುರಿದರು. ಆದರೆ ನಿಜವಾದ ನೋವು ಆಮೇಲಿನದು. 1932ರ ಹೊತ್ತಿಗೆ ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕಟ್ಟಲಿಲ್ಲ. ಸರ್ಕಾರ ಜಮೀನು, ದನ, ಪಾತ್ರೆ ಎಲ್ಲ ಜಪ್ತಿ ಮಾಡಿ ಹರಾಜು ಹಾಕಿತು. ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿ ಮಾಲು ಕೊಂಡವನ ಮನೆ ಬಾಗಿಲಲ್ಲಿ ಹೆಂಗಸರು ಉಪವಾಸ ಕೂತರು. ಕೊಂಡವನೂ ಊರಿನವನೇ. ದಂಡಿಯ ಕಥೆಗಿಂತ ಇದನ್ನು ಮಕ್ಕಳಿಗೆ ಹೇಳುವುದು ಕಷ್ಟ. ಹೇಳಲೇಬೇಕಾದ್ದು ಇದು.

## ಕಾರ್ಖಾನೆ ಬಂದ ಮೇಲೆ

ಸಮುದ್ರ ಬಿಟ್ಟು ಕಾಡಿನ ನಡುವೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಯಾಕೆ?

ಬಿದಿರು ಅಲ್ಲಿತ್ತು, ಕಾಳಿಯ ನೀರು ಅಲ್ಲಿತ್ತು, ಅಳ್ನಾವರದಿಂದ ಹಳಿ ಅಲ್ಲಿಯವರೆಗೆ ಬಂದಿತ್ತು. ಹಳಿ ಹಾಕಿದ್ದು ಮೊದಲು ಸಾಗವಾನಿ ಸಾಗಿಸಲು. 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಶುರುವಾಯಿತು. ಹಿಂದೆ ಮುಂದೆ ಪ್ಲೈವುಡ್, ಫೆರೋ ಮ್ಯಾಂಗನೀಸ್ ಕೂಡ ಬಂದವು. ಬಿದಿರು ಕಾರ್ಖಾನೆಗೆ ತೀರಾ ಅಗ್ಗಕ್ಕೆ ಸಿಕ್ಕಿತು. ಬುಟ್ಟಿ ಹೆಣೆಯುವ ಮೇದಾರನಿಗೆ ಆ ದರ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಹತ್ತಿರದ ಬಿದಿರು ಮುಗಿದು ಲಾರಿಗಳು ದೂರ ದೂರ ಹೋಗಬೇಕಾಯಿತು. ದಾಂಡೇಲಿಗೆ ಎಲ್ಲಿಲ್ಲದ ಜನ ಬಂದು ಸಂಬಳದ ಊರಾಯಿತು ಅನ್ನುವುದೂ ಅಷ್ಟೇ ನಿಜ.

ಅಪ್ಪಿಕೋ ಚಳವಳಿ ಅಂದ್ರೆ ಬರೀ ಮರ ತಬ್ಬಿಕೊಳ್ಳೋದಾ?

ಶುರುವಾದದ್ದು ಹಾಗೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮಳೆಯಲ್ಲಿ ಕಳಸೆ ಕಾಡಿಗೆ ನಡೆದು, ಕಡಿಯುತ್ತಿದ್ದ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆ ಮುಂದಾಳು. ನಾಡಕಾಡು ಕಡಿದು ಒಂದೇ ಜಾತಿಯ ಸಾಗವಾನಿ ನೆಡುವುದರಿಂದ ಸೊಪ್ಪಿಲ್ಲ, ಜೇನಿಲ್ಲ, ಬೇಸಿಗೆಗೆ ಹಳ್ಳದಲ್ಲಿ ನೀರಿಲ್ಲ ಅನ್ನುವುದು ಅವರ ತಕರಾರು. ಅಡಿಕೆ ತೋಟದವನಿಗೆ ಗೊಬ್ಬರಕ್ಕೆ ಸೊಪ್ಪು ಕೊಡುವ ಬೆಟ್ಟ ಇಲ್ಲದೆ ತೋಟವಿಲ್ಲ. 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತಿನಲ್ಲಿ ಮೂರನೆಯದನ್ನು ಪೇಟೆಯವರು ಮರೆಯುತ್ತಾರೆ.

ಅಣೆಕಟ್ಟು, ಅಣುಸ್ಥಾವರ, ನೌಕಾನೆಲೆ, ಎಲ್ಲ ನಮ್ಮ ತಲೆಗೇ ಯಾಕೆ?

ಕಾಳಿ ನದಿ ಕಡಿಮೆ ದೂರದಲ್ಲಿ ತುಂಬ ಎತ್ತರದಿಂದ ಇಳಿಯುತ್ತದೆ, ಕಣಿವೆಯಲ್ಲಿ ಜನ ಕಡಿಮೆ. ಯೋಜನೆ ಹಾಕುವವರ ಕಣ್ಣಿಗೆ ಇದು ಖಾಲಿ ಜಾಗ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಲ್ಲಿ ಸೂಪಾ ಪೇಟೆಯೇ ಮುಳುಗಿತು. ತಾಲೂಕು ಕಚೇರಿ ಜೋಯಿಡಾಕ್ಕೆ, ಜನ ರಾಮನಗರಕ್ಕೆ. ಕೈಗಾದ ಅಣುಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಕಟ್ಟುವಾಗಲೇ, 1994ರಲ್ಲಿ, ಒಂದು ಘಟಕದ ಒಳಗುಮ್ಮಟದ ಕಾಂಕ್ರೀಟ್ ಕುಸಿದಿತ್ತು. ಅದೇ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ ನಿಲ್ಲುವಾಗ 962 ದಿನ ಬಿಡದೆ ಓಡಿತ್ತು, ಆಗ ಅದು ವಿಶ್ವದಾಖಲೆ. ಹೆದರಿಕೆ, ಹೆಮ್ಮೆ ಎರಡಕ್ಕೂ ಕಾರಣ ಒಂದೇ ಜಾಗದಲ್ಲಿದೆ.

ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ 'ಐಎನ್ಎಸ್ ಕದಂಬ' ಕೆಲಸ ಶುರು ಮಾಡಿತು. ಕಾರವಾರ, ಅಂಕೋಲಾದ ಹದಿಮೂರು ಹಳ್ಳಿಗಳು ಎದ್ದು ಹೋದವು. ಮೀನುಗಾರನಿಗೆ ಮನೆ ಬೇರೆ ಕಡೆ ಸಿಗಬಹುದು, ದೋಣಿ ಎಳೆದಿಡುವ ದಂಡೆ ಸಿಗುವುದು ಸುಲಭವಲ್ಲ. ಪರಿಹಾರದ ಕೇಸು ಕೋರ್ಟಿನಲ್ಲಿ ದಶಕಗಟ್ಟಲೆ ನಡೆಯಿತು.

ರಂಪಣಿ ಎಲ್ಲಿ ಹೋಯ್ತು?

ಯಂತ್ರದ ದೋಣಿ ತಿಂದುಹಾಕಿತು. ರಂಪಣಿ ಒಂದು ದೊಡ್ಡ ಬೀಸುಬಲೆ. ದೋಣಿಯಲ್ಲಿ ಸುತ್ತಿ ಹಾಕಿ ಬಂದು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಎಳೆಯುತ್ತಾರೆ. ಹತ್ತಾರು ಜನ ಸಾಲಾಗಿ, ಹೊಯ್ಲಿಗೆ ತಕ್ಕ ಹೆಜ್ಜೆ. ಎಳೆದವರಿಗೆಲ್ಲ ಪಾಲು. ಸುಮ್ಮನೆ ನೋಡಲು ಹೋದ ಹುಡುಗನ ಕೈಗೂ ನಾಲ್ಕು ಬಂಗಡೆ ಬೀಳುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ಬಂಗಡೆ ದಂಡೆಗೆ ಬರುವ ಮುಂಚೆಯೇ ಬಾಚಿಕೊಂಡವು. ಸಾಲ ಮಾಡಿ ಯಂತ್ರ ಕೊಂಡವನು ಮಾಲೀಕನಾದ, ಹಗ್ಗ ಎಳೆಯುತ್ತಿದ್ದವನು ಕೂಲಿಯಾದ.

ಬೇಲೆಕೇರಿ ಅದಿರಿನ ಗಲಾಟೆಗೂ ಹಳೆ ಚರಿತ್ರೆಗೂ ಏನು ಸಂಬಂಧ?

ಅದೇ ದಾರಿ, ಬೇರೆ ಮಾಲು. 2000ದ ದಶಕದಲ್ಲಿ ಚೀನಾಕ್ಕೆ ಕಬ್ಬಿಣ ಬೇಕಾಯಿತು. ಬಳ್ಳಾರಿ, ಸಂಡೂರಿನ ಅದಿರು ಲಾರಿಗಳು ಅರಬೈಲ್ ಘಟ್ಟ ಇಳಿದು ಬೇಲೆಕೇರಿ, ಕಾರವಾರಕ್ಕೆ ಬಂದವು. ರಾತ್ರಿ ಹಗಲು ಲಾರಿ. ರಸ್ತೆ ಬದಿಯ ಮಾವಿನೆಲೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು. 2010ರಲ್ಲಿ ಬೇಲೆಕೇರಿಯಲ್ಲಿ ಅಕ್ರಮ ಅದಿರು ಜಪ್ತಿಯಾಯಿತು. ಜಪ್ತಿಯಾದದ್ದರಲ್ಲೇ ಲಕ್ಷಗಟ್ಟಲೆ ಟನ್ ಕಾಣೆಯಾಯಿತು. ಆಮೇಲೆ ಸಾಗಣೆ ನಿಂತಿತು. ಎರಡು ವರ್ಷದಲ್ಲಿ ಎದ್ದ ಗ್ಯಾರೇಜು, ಖಾನಾವಳಿಗಳು ಬಾಗಿಲು ಹಾಕಿದವು. ಕುಮಟಾದ ಹತ್ತಿ ಪೇಟೆಗೆ ಆದದ್ದೇ ಇಲ್ಲೂ ಆಯಿತು, ಸ್ವಲ್ಪ ಬೇಗ ಆಯಿತು ಅಷ್ಟೇ.

ಹುಬ್ಬಳ್ಳಿ–ಅಂಕೋಲಾ ರೈಲು ಬಂದ್ರೆ ಎಲ್ಲ ಸರಿ ಹೋಗುತ್ತಾ?

ನಮ್ಮಪ್ಪ ಈ ಪ್ರಶ್ನೆ ಕೇಳುತ್ತಿದ್ದರು, ಈಗ ನನ್ನ ಮಗ ಕೇಳುತ್ತಾನೆ. 1998ರ ಜನವರಿ 26ಕ್ಕೆ ಕೊಂಕಣ ರೈಲು ಪೂರ್ತಿ ಓಡಿತು. ಅದು ದಂಡೆಗುಂಟ ಹೋಗುವ ರೈಲು. ಮುಂಬೈ, ಮಂಗಳೂರು ಹತ್ತಿರವಾದವು, ಘಟ್ಟದ ಮೇಲಿನ ಹುಬ್ಬಳ್ಳಿ ಅಲ್ಲೇ ಉಳಿಯಿತು. ಘಟ್ಟ ಹತ್ತುವ ಹಳಿಗೆ 1990ರ ದಶಕದಲ್ಲೇ ಮಂಜೂರಿ ಸಿಕ್ಕಿತ್ತು. ದಾರಿ ದಟ್ಟ ಕಾಡಿನಲ್ಲಿದೆ. ಮರದ ಲೆಕ್ಕ, ಹುಲಿಯ ಲೆಕ್ಕ, ಕೋರ್ಟು, ಮತ್ತೆ ಸರ್ವೆ, ಹೀಗೆ ಸಾಗುತ್ತಿದೆ.

ನನ್ನ ಅಭಿಪ್ರಾಯ ಕೇಳಿದರೆ, ಹಳಿ ಬಂದರೆ ಮಾಲು ಇಳಿಯುತ್ತದೆ, ಖಂಡಿತ. ಯಾರ ಮಾಲು, ಎಷ್ಟು ವರ್ಷ, ಕಾಡಿಗೆ ಏನು ಬೆಲೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಬೇಕು. ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಒಮ್ಮೆ ಕೂತು ನೋಡಿ. ಮುರಗಾಂವಿನ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿ ಎಂಜಿನ್ ಹಿಂದೆ ಎಂಜಿನ್ ಕಟ್ಟಿಕೊಂಡು ಏದುಸಿರು ಬಿಡುತ್ತ ಘಟ್ಟ ಹತ್ತುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುವವರು ನಾಲ್ಕೇ ಜನ ಇರುತ್ತಾರೆ.